ನಿಂತ ಎಲೆಕ್ಟ್ರಿಕ್ ಫೋರ್ಕ್‌ಲಿಫ್ಟ್: ವೈರಿಂಗ್, ಸೆನ್ಸರ್ ಅಳೆದು ನೋಡುವ ಕ್ರಮ

ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ನಲ್ಲಿ ಮೆಣಸಿನಕಾಯಿ ಚೀಲ ಏರಿಸುವ ಗಾಡಿ ಇರಲಿ, ಹುಬ್ಬಳ್ಳಿಯ ತಾರಿಹಾಳದ ಶೆಡ್‌ನಲ್ಲಿ ಕಬ್ಬಿಣದ ಸಾಮಾನು ಸಾಗಿಸುವ ಗಾಡಿ ಇರಲಿ, ಎಲೆಕ್ಟ್ರಿಕ್ ಫೋರ್ಕ್‌ಲಿಫ್ಟ್ ನಿಂತಿತೆಂದರೆ ಮೊದಲ ಅನುಮಾನ ಕಂಟ್ರೋಲರ್ ಮೇಲೆಯೇ, ಅಂದರೆ ಮೋಟರ್‌ಗೆ ಕರೆಂಟ್ ಅಳೆದು ಕೊಡುವ ಎಲೆಕ್ಟ್ರಾನಿಕ್ ಕಾರ್ಡ್ ಮೇಲೆಯೇ. ‘ಕಾರ್ಡ್ ಹೋಗೇದ’ ಎಂದು ಅಲ್ಲೇ ತೀರ್ಮಾನವಾಗುತ್ತದೆ, ದುಬಾರಿ ಪಾರ್ಟ್‌ಗೆ ಆರ್ಡರ್ ಹೋಗುತ್ತದೆ. ಬಹಳ ಸಲ ಕಾರ್ಡ್ ನೆಟ್ಟಗೇ ಇರುತ್ತದೆ. ಅದಕ್ಕೆ ಬರಬೇಕಾದ ಒಂದು ಸುದ್ದಿ ಬಂದಿರುವುದಿಲ್ಲ, ಅಷ್ಟೇ. ಸೀಟಿನ ಮೇಲೆ ಆಪರೇಟರ್ ಕೂತಿದ್ದಾನೆಯೇ, ಪೆಡಲ್ ಎಷ್ಟು ಒತ್ತಿದೆ, ಮೋಟರ್ ಎಷ್ಟು ಸುತ್ತುತ್ತಿದೆ, ಎಷ್ಟು ಕಾದಿದೆ ಎಂಬುದೆಲ್ಲ ತಿಳಿಯದೆ ಗಾಡಿ ಹೊರಡಬಾರದು ಎಂದೇ ಅದನ್ನು ಕಟ್ಟಿರುತ್ತಾರೆ. ಯಾವ ಸುದ್ದಿ ಎಲ್ಲಿ ನಿಂತಿತು ಎಂದು ಮೀಟರ್ ಹಿಡಿದು ಹುಡುಕುವುದೇ ರಿಪೇರಿಯ ಮುಕ್ಕಾಲು ಪಾಲು.

ಬೇಕಾಗುವ ಸಾಮಾನು ಕಡಿಮೆ. ಡಿಜಿಟಲ್ ಮಲ್ಟಿಮೀಟರ್, ಡಿಸಿ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್, ಬ್ಯಾಟರಿ ಆ್ಯಸಿಡ್‌ನ ಸಾಂದ್ರತೆ ನೋಡುವ ಹೈಡ್ರೋಮೀಟರ್, ಕನೆಕ್ಟರ್‌ನ ಹಿಂಬದಿಯಿಂದ ತೂರಿಸಬಹುದಾದ ಸಣ್ಣ ಪಿನ್‌ಗಳು, 10 ಕಿಲೋ ಓಮ್‌ನ 1 ವ್ಯಾಟ್ ರೆಸಿಸ್ಟರ್ ಒಂದು, 100 ಓಮ್‌ನ 25 ವ್ಯಾಟ್ ರೆಸಿಸ್ಟರ್ ಒಂದು. ಜೊತೆಗೆ ಗಾಡಿಯ ವೈರಿಂಗ್ ಡಯಾಗ್ರಾಂ. ಅದಿಲ್ಲದೆ ಕೈ ಹಾಕಿದರೆ ಬಣ್ಣ ನೋಡಿ ಊಹೆ ಮಾಡುವುದಾಗುತ್ತದೆ, ಊಹೆಯಿಂದ ಸುಟ್ಟ ಕಂಟ್ರೋಲರ್‌ಗಳೇ ಹೆಚ್ಚು.

ಕೈ ಹಾಕುವ ಮೊದಲು

ಸಮತಟ್ಟಾದ ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ, ಫೋರ್ಕ್ ನೆಲಕ್ಕೆ ಇಳಿಸಿ. ಡ್ರೈವ್ ಗಾಲಿಗಳು ನೆಲ ಬಿಡುವಂತೆ ಜಾಕ್ ಹಾಕಿ, ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿ. ಬರೀ ಜಾಕ್ ನಂಬಬೇಡಿ. ಲೋಡ್‌ಗೆ ಸಮತೂಕವಾಗಿ ಹಿಂಬದಿಗೆ ಕೌಂಟರ್‌ವೇಟ್ ಇರುವ ಈ ಗಾಡಿ ಹೊತ್ತೊಯ್ಯುವ ತೂಕಕ್ಕಿಂತ ತಾನೇ ಭಾರ. ಕೈಯಲ್ಲಿನ ಉಂಗುರ, ಕಡಗ, ಸ್ಟೀಲ್ ಪಟ್ಟಿಯ ಗಡಿಯಾರ ತೆಗೆದಿಡಿ. 48 ವೋಲ್ಟ್ ಶಾಕ್ ಹೊಡೆಯುವುದು ಕಡಿಮೆ, ಆದರೆ ಆ ಬ್ಯಾಟರಿ ಶಾರ್ಟ್ ಆದಾಗ ಸಾವಿರಾರು ಆಂಪಿಯರ್ ಕೊಡುತ್ತದೆ. ಸ್ಪ್ಯಾನರ್ ಕರಗುತ್ತದೆ, ಉಂಗುರ ಬೆರಳನ್ನು ಸುಡುತ್ತದೆ.

ಕೀ ಆಫ್ ಮಾಡಿ ಬ್ಯಾಟರಿ ಪ್ಲಗ್ ಕಳಚಿದ ಮೇಲೂ ಕಂಟ್ರೋಲರ್‌ನೊಳಗಿನ ಕೆಪ್ಯಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಕಂಟ್ರೋಲರ್‌ನ ಬಿ ಪ್ಲಸ್, ಬಿ ಮೈನಸ್ (ಬ್ಯಾಟರಿಯ ಪ್ಲಸ್, ಮೈನಸ್ ಸೇರುವ ಟರ್ಮಿನಲ್‌ಗಳು) ನಡುವೆ 100 ಓಮ್ ರೆಸಿಸ್ಟರ್ ಹಿಡಿದು ಕೆಲವು ಸೆಕೆಂಡು ಬಿಡಿ. ಮೀಟರ್ 5 ವೋಲ್ಟ್‌ಗಿಂತ ಕಡಿಮೆ ತೋರಿಸಿದ ಮೇಲೆ ಮಾತ್ರ ಕೇಬಲ್ ಬಿಚ್ಚಿ. ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸಿ ಖಾಲಿ ಮಾಡುವ ರೂಢಿ ಬಿಟ್ಟುಬಿಡಿ. ಹಾಗೆ ಮಾಡಿದರೆ ಚೆನ್ನಾಗಿದ್ದ ಕೆಪ್ಯಾಸಿಟರ್ ಹಾಳಾಗುತ್ತದೆ.

ಬಾಡಿ ಅರ್ಥ್ ಅಲ್ಲ

ಲಾರಿ, ಟ್ರ್ಯಾಕ್ಟರ್ ವೈರಿಂಗ್‌ನಲ್ಲಿ ಕೈ ಪಳಗಿದವರು ಇಲ್ಲಿ ಎಡವುವುದು ಇದೇ ಜಾಗದಲ್ಲಿ. ಲಾರಿಯಲ್ಲಿ ಚಾಸಿಯೇ ಮೈನಸ್. ಎಲೆಕ್ಟ್ರಿಕ್ ಫೋರ್ಕ್‌ಲಿಫ್ಟ್‌ನಲ್ಲಿ ಪ್ಲಸ್ಸೂ ಚಾಸಿಗೆ ತಾಗಿರಬಾರದು, ಮೈನಸ್ಸೂ ತಾಗಿರಬಾರದು. ಆದ್ದರಿಂದ ಮೀಟರ್‌ನ ಕಪ್ಪು ಪ್ರೋಬ್ ಯಾವಾಗಲೂ ಬ್ಯಾಟರಿಯ ಮೈನಸ್ ಮೇಲೆ ಇರಲಿ. ಬಾಡಿ ಮೇಲಿಟ್ಟು ಅಳೆದ ವೋಲ್ಟೇಜ್‌ಗೆ ಅರ್ಥವಿಲ್ಲ. ಹೊಸ ಹಾರ್ನ್, ರಿವರ್ಸ್ ಲೈಟ್ ಹಾಕುವಾಗ ಒಂದು ವೈರ್ ಬಾಡಿಗೆ ಬಿಗಿಯುವುದೂ ತಪ್ಪು. ಆ ದಿನ ಏನೂ ಆಗುವುದಿಲ್ಲ. ಮುಂದೊಮ್ಮೆ ಬೇರೆಲ್ಲೋ ಪ್ಲಸ್ ವೈರಿನ ಇನ್ಸುಲೇಷನ್ ಸವೆದು ಚಾಸಿಗೆ ತಾಗಿದಾಗ ಶಾರ್ಟ್ ಪೂರ್ತಿಯಾಗುತ್ತದೆ. ಅಥವಾ ಸ್ವಿಚ್ ಒತ್ತದೇ ಕಾಂಟ್ಯಾಕ್ಟರ್‌ನ (ಕಾಯಿಲ್ ಎಳೆದಾಗ ಮುಚ್ಚುವ ದೊಡ್ಡ ಸ್ವಿಚ್) ಕಾಯಿಲ್ ಎಳೆದುಕೊಂಡು ಗಾಡಿ ತಾನಾಗಿ ಚಲಿಸಬಹುದು.

12 ವೋಲ್ಟ್ ಬೇಕೆಂದು ಬ್ಯಾಟರಿಯ 6 ಸೆಲ್‌ಗಳಿಂದ ಟ್ಯಾಪ್ ತೆಗೆಯುವುದನ್ನೂ ಮಾಡಬೇಡಿ. ಆ 6 ಸೆಲ್ ಉಳಿದವಕ್ಕಿಂತ ಮೊದಲೇ ಖಾಲಿಯಾಗುತ್ತವೆ, ಚಾರ್ಜರ್ ಎಲ್ಲವನ್ನೂ ಒಂದೇ ಸಮ ತುಂಬುವುದರಿಂದ ಅವು ಪೂರ್ತಿ ತುಂಬುವುದೇ ಇಲ್ಲ. ಲೈಟು, ಹಾರ್ನ್‌ಗೆ ಪೂರ್ತಿ ಬ್ಯಾಟರಿಯ ವೋಲ್ಟೇಜ್ ಇಳಿಸಿ ಕೊಡುವ ಡಿಸಿ-ಡಿಸಿ ಕನ್ವರ್ಟರ್‌ನಿಂದಲೇ ಕೊಡಿ.

ಚಾಸಿಗೆ ಲೀಕೇಜ್ ಎಷ್ಟಿದೆ ಎಂದು ಹೀಗೆ ಅಳೆಯಿರಿ. ಡಿಜಿಟಲ್ ಮೀಟರ್ ಒಂದನ್ನೇ ಇಟ್ಟರೆ ಅದರ ಒಳ ರೆಸಿಸ್ಟೆನ್ಸ್ 10 ಮೆಗಾ ಓಮ್ ಇರುವುದರಿಂದ ಸಣ್ಣ ತೇವಕ್ಕೂ 20-30 ವೋಲ್ಟ್ ತೋರಿಸಿ ಹೆದರಿಸುತ್ತದೆ. ಅದಕ್ಕೇ ಪ್ರೋಬ್‌ಗಳಿಗೆ ಅಡ್ಡಲಾಗಿ 10 ಕಿಲೋ ಓಮ್ ರೆಸಿಸ್ಟರ್ ಕಟ್ಟಿ. ಬ್ಯಾಟರಿಯ ಒಟ್ಟು ವೋಲ್ಟೇಜ್ ಬರೆದುಕೊಳ್ಳಿ. ಪ್ಲಸ್‌ನಿಂದ ಚಾಸಿಗೆ ಒಂದು ರೀಡಿಂಗ್, ಮೈನಸ್‌ನಿಂದ ಚಾಸಿಗೆ ಇನ್ನೊಂದು. ಚಾಸಿಯ ಮೇಲೆ ಪೇಂಟ್ ಕೆರೆದು ಬರಿ ಲೋಹ ಮುಟ್ಟಿಸಿ. ಎರಡು ರೀಡಿಂಗ್ ಕೂಡಿಸಿ, ಒಟ್ಟು ವೋಲ್ಟೇಜನ್ನು ಆ ಮೊತ್ತದಿಂದ ಭಾಗಿಸಿ, ಒಂದು ಕಳೆದು, 10 ಕಿಲೋ ಓಮ್‌ನಿಂದ ಗುಣಿಸಿ. ಒಟ್ಟು 50 ವೋಲ್ಟ್ ಇದ್ದು, ಪ್ಲಸ್ ಕಡೆ 6, ಮೈನಸ್ ಕಡೆ 4 ಬಂದರೆ, 50 ಭಾಗಿಸು 10 ಅಂದರೆ 5, ಒಂದು ಕಳೆದರೆ 4, ಅಂದರೆ 40 ಕಿಲೋ ಓಮ್. ಇದು ಬ್ಯಾಟರಿಗೂ ಚಾಸಿಗೂ ನಡುವಿನ ರೆಸಿಸ್ಟೆನ್ಸ್, ಹೆಚ್ಚಿದ್ದಷ್ಟೂ ಲೀಕೇಜ್ ಕಡಿಮೆ.

ಗಾಡಿಯ ವೈರಿಂಗ್‌ಗೆ ಪ್ರತಿ ವೋಲ್ಟ್‌ಗೆ ಕನಿಷ್ಠ 1000 ಓಮ್ ಎಂಬುದು ಒಪ್ಪಿತ ಅಳತೆ, 48 ವೋಲ್ಟ್ ಗಾಡಿಗೆ 48 ಕಿಲೋ ಓಮ್. ಬಳಕೆಯಲ್ಲಿರುವ ಬ್ಯಾಟರಿಗೆ ಪ್ರತಿ ವೋಲ್ಟ್‌ಗೆ 50 ಓಮ್, ಅಂದರೆ 2400 ಓಮ್ ಸಾಕು. ಹಾಗಾಗಿ ಮೇಲಿನ 40 ಕಿಲೋ ಓಮ್ ಬ್ಯಾಟರಿಯದಾದರೆ ಚಿಂತೆಯಿಲ್ಲ, ಗಾಡಿಯದಾದರೆ ಹುಡುಕಬೇಕು. ಬೇರ್ಪಡಿಸಲು ಪ್ಲಗ್ ಕಳಚಿ ಬ್ಯಾಟರಿಯನ್ನು ಅದರದೇ ಕಬ್ಬಿಣದ ಟ್ರೇಗೆ ಹೋಲಿಸಿ ಮತ್ತೆ ಅಳೆಯಿರಿ. ಲೀಕೇಜ್ ಅಲ್ಲೇ ಕಂಡರೆ ಕಾರಣ ಸೆಲ್‌ಗಳ ಮೇಲೆ ಚೆಲ್ಲಿದ ಆ್ಯಸಿಡ್. ಮುಚ್ಚಳಗಳೆಲ್ಲ ಬಿಗಿಯಾಗಿರುವುದನ್ನು ನೋಡಿ, ಒಂದು ಲೀಟರ್ ನೀರಿಗೆ 100 ಗ್ರಾಂ ಅಡುಗೆ ಸೋಡಾ ಕಲಸಿ ಬ್ರಷ್‌ನಿಂದ ಉಜ್ಜಿ, ನೊರೆ ನಿಂತ ಮೇಲೆ ಒಳ್ಳೆಯ ನೀರಿನಿಂದ ತೊಳೆದು ಒಣಗಿಸಿ. ಸೋಡಾ ಸೆಲ್‌ನೊಳಗೆ ಹೋಗಕೂಡದು.

ಬ್ಯಾಟರಿಯಿಂದ ಮೋಟರ್‌ವರೆಗೆ

ಒಂದೂವರೆಯಿಂದ ಮೂರು ಟನ್ ಎತ್ತುವ ಗಾಡಿಗಳು ಸಾಮಾನ್ಯವಾಗಿ 48 ವೋಲ್ಟ್‌ನವು, ಅದಕ್ಕಿಂತ ದೊಡ್ಡವು 80 ವೋಲ್ಟ್, ನಡೆದು ಓಡಿಸುವ ಪ್ಯಾಲೆಟ್ ಟ್ರಕ್ 24 ವೋಲ್ಟ್. 48 ವೋಲ್ಟ್‌ನ ಲೆಡ್ ಆ್ಯಸಿಡ್ ಬ್ಯಾಟರಿಯಲ್ಲಿ 2 ವೋಲ್ಟ್‌ನ 24 ಸೆಲ್. ಪೂರ್ತಿ ಚಾರ್ಜ್ ಆಗಿ ಕೆಲವು ತಾಸು ತಣ್ಣಗೆ ನಿಂತ ಸೆಲ್‌ನ ಗ್ರ್ಯಾವಿಟಿ (ಹೈಡ್ರೋಮೀಟರ್ ತೋರಿಸುವ ಆ್ಯಸಿಡ್ ಸಾಂದ್ರತೆ) 1.280, ವೋಲ್ಟೇಜ್ 2.12 ಹತ್ತಿರ, ಒಟ್ಟು ಸುಮಾರು 51 ವೋಲ್ಟ್. ಗ್ರ್ಯಾವಿಟಿ 1.140ಕ್ಕೆ ಇಳಿದರೆ 80 ಪ್ರತಿಶತ ಖಾಲಿ, ಆಗ ಒಟ್ಟು 47.5 ವೋಲ್ಟ್ ಆಸುಪಾಸು. ನಡುವಿನ ವ್ಯತ್ಯಾಸ ಬರೀ ಮೂರೂವರೆ ವೋಲ್ಟ್ ಎಂಬುದನ್ನು ನೆನಪಿಡಿ. ನಿಂತ ಗಾಡಿಯಲ್ಲಿ ‘48 ಬರ್ತದ, ಬ್ಯಾಟರಿ ಛಲೋ ಅದ’ ಎನ್ನುವವರು ಬಹುತೇಕ ಖಾಲಿ ಬ್ಯಾಟರಿಗೆ ಸರ್ಟಿಫಿಕೇಟ್ ಕೊಡುತ್ತಿರುತ್ತಾರೆ. ಲೋಡ್ ಎತ್ತಿಸುವಾಗ ಅಳೆಯಿರಿ. ಸೆಲ್ಲಿಗೆ 1.7, ಒಟ್ಟು 40.8 ವೋಲ್ಟ್‌ಗಿಂತ ಕೆಳಗೆ ಕುಸಿದರೆ ಒಂದೊಂದೇ ಸೆಲ್ ನೋಡಬೇಕು. ಉಳಿದವಕ್ಕಿಂತ ಗ್ರ್ಯಾವಿಟಿ 0.030ರಷ್ಟು ಕಡಿಮೆ ಇರುವ ಸೆಲ್ ಇದ್ದರೆ ಎಲ್ಲ ಸೆಲ್ ಸಮ ಮಾಡುವ ಈಕ್ವಲೈಸಿಂಗ್ ಚಾರ್ಜ್ ಕೊಟ್ಟು ಮತ್ತೆ ನೋಡಿ, ಸರಿಹೋಗದಿದ್ದರೆ ಆ ಸೆಲ್ ಮುಗಿದಿದೆ. ಗ್ರ್ಯಾವಿಟಿ ಓದುವಾಗ 27 ಡಿಗ್ರಿಯಿಂದ ಪ್ರತಿ 10 ಡಿಗ್ರಿ ಹೆಚ್ಚಿಗೆಗೆ 0.007 ಕೂಡಿಸಿ, ಕಡಿಮೆಗೆ ಅಷ್ಟೇ ಕಳೆಯಿರಿ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಚಾರ್ಜ್ ಮುಗಿದ ಆ್ಯಸಿಡ್ 47 ಡಿಗ್ರಿ ಮುಟ್ಟುವುದು ಅಪರೂಪವಲ್ಲ, ಈ ಲೆಕ್ಕ ಬಿಟ್ಟರೆ ಒಳ್ಳೆಯ ಸೆಲ್ಲೂ ಬಡವಾಗಿ ಕಾಣುತ್ತದೆ.

ಡಿಸ್ಟಿಲ್ಡ್ ವಾಟರ್ ಹಾಕುವುದು ಚಾರ್ಜ್ ಆದ ಮೇಲೆ. ಮೊದಲೇ ತುಂಬಿದರೆ ಚಾರ್ಜ್‌ನಲ್ಲಿ ಹಿಗ್ಗಿ ಉಕ್ಕುತ್ತದೆ, ಉಕ್ಕಿದ್ದೇ ಮೇಲೆ ಹೇಳಿದ ಲೀಕೇಜ್. ಚಾರ್ಜಿಂಗ್ ಜಾಗಕ್ಕೆ ಗಾಳಿ ಬೇಕು. ಗಾಳಿಯಲ್ಲಿ ಹೈಡ್ರೋಜನ್ 4 ಪ್ರತಿಶತ ಸೇರಿದರೆ ಒಂದು ಕಿಡಿ ಸಾಕು.

ಲಿಥಿಯಂಗೆ ಬದಲಿಸುವವರು ಎರಡು ಸಂಗತಿ ಗಮನಿಸಬೇಕು. ಹಳೆಯ ಬ್ಯಾಟರಿಯ ತೂಕ ಕೌಂಟರ್‌ವೇಟ್‌ನ ಭಾಗವಾಗಿತ್ತು, ಹಗುರ ಬ್ಯಾಟರಿ ಇಟ್ಟರೆ ಕಮ್ಮಿಯಾದಷ್ಟು ಕಬ್ಬಿಣ ಸೇರಿಸಬೇಕು, ಇಲ್ಲವಾದರೆ ಲೋಡ್ ಎತ್ತಿದಾಗ ಹಿಂದಿನ ಗಾಲಿ ನೆಲ ಬಿಡುತ್ತದೆ. ಮತ್ತೆ, ಲಿಥಿಯಂ ಐರನ್ ಫಾಸ್ಫೇಟ್‌ನ ವೋಲ್ಟೇಜ್ ಕೊನೆಯವರೆಗೂ ಹೆಚ್ಚುಕಡಿಮೆ ಸಮನಾಗಿ ಇರುವುದರಿಂದ ಲೆಡ್ ಆ್ಯಸಿಡ್‌ಗೆ ಸೆಟ್ ಮಾಡಿದ ಚಾರ್ಜ್ ಮೀಟರ್ ಸುಳ್ಳು ಹೇಳುತ್ತದೆ. ಬಿಎಂಎಸ್ (ಲಿಥಿಯಂ ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಬೋರ್ಡ್) ಕೊಡುವ ಲೆಕ್ಕವನ್ನೇ ಡಿಸ್‌ಪ್ಲೇಗೆ ತರಬೇಕು.

ಬ್ಯಾಟರಿ ಪ್ಲಗ್, ಎಮರ್ಜೆನ್ಸಿ ಬಟನ್, ಮೇನ್ ಫ್ಯೂಸ್, ಲೈನ್ ಕಾಂಟ್ಯಾಕ್ಟರ್, ಕಂಟ್ರೋಲರ್, ಮೋಟರ್, ಇದು ದಾರಿ. ಕೀ ತಿರುಗಿಸಿದಾಗ ‘ಟಕ್’ ಎಂದು ಸದ್ದು ಬರುವ ಮೊದಲು ಕಂಟ್ರೋಲರ್ ಒಂದು ಸಣ್ಣ ರೆಸಿಸ್ಟರ್ ಮೂಲಕ ಕೆಪ್ಯಾಸಿಟರ್‌ಗಳನ್ನು ತುಂಬಿಕೊಳ್ಳುತ್ತದೆ, ಪ್ರೀಚಾರ್ಜ್ ಎಂದರೆ ಇದೇ. ಅವು ತುಂಬದಿದ್ದರೆ ಕಾಂಟ್ಯಾಕ್ಟರ್ ಎಳೆಯುವುದಿಲ್ಲ. ಪ್ರೀಚಾರ್ಜ್ ಫಾಲ್ಟ್ ಕಂಡಾಗ ಮೊದಲು ನೋಡಬೇಕಾದ್ದು ಕಾಂಟ್ಯಾಕ್ಟರ್‌ನ ಕಂಟ್ರೋಲರ್ ಬದಿಯ ಬೋಲ್ಟ್. ಅಲ್ಲಿಂದ ಯಾರಾದರೂ ಫ್ಯಾನ್, ಲೈಟು, ಕನ್ವರ್ಟರ್‌ಗೆ ವೈರ್ ಎಳೆದಿದ್ದರೆ ಆ ಲೋಡ್ ತುಂಬುವ ಕರೆಂಟನ್ನೆಲ್ಲ ಕುಡಿಯುತ್ತದೆ. ಆ ವೈರ್ ಬಿಚ್ಚಿ ಕೀ ಹಾಕಿ, ಅಷ್ಟಕ್ಕೇ ಗಾಡಿ ಎದ್ದರೆ ಕೆಲಸ ಮುಗಿಯಿತು.

ಅನೇಕ 48 ವೋಲ್ಟ್ ಗಾಡಿಗಳಲ್ಲಿ ಕಾಂಟ್ಯಾಕ್ಟರ್ ಕಾಯಿಲ್ 24 ವೋಲ್ಟ್‌ನದು. ಎಳೆಯಲು ಹೆಚ್ಚು, ಹಿಡಿದಿಡಲು ಕಡಿಮೆ ವೋಲ್ಟೇಜನ್ನು ಕಂಟ್ರೋಲರ್ ಕತ್ತರಿಸಿ ಕತ್ತರಿಸಿ ಕೊಡುತ್ತದೆ. ಮೀಟರ್ ಅಲ್ಲಿ 48ಕ್ಕಿಂತ ಕಡಿಮೆ ತೋರಿಸಿದರೆ ದೋಷವಲ್ಲ. ನೇರ 48 ಕೊಟ್ಟು ಟೆಸ್ಟ್ ಮಾಡಿದರೆ ಮಾತ್ರ ಕಾಯಿಲ್ ಸುಡುತ್ತದೆ.

ಹಾದಿಯಲ್ಲಿ ಎಲ್ಲಿ ವೋಲ್ಟೇಜ್ ಕಳೆದುಹೋಗುತ್ತಿದೆ ಎಂದು ತಿಳಿಯಲು ವೋಲ್ಟೇಜ್ ಡ್ರಾಪ್ ಅಳೆಯಿರಿ. ಲೋಡ್ ಎತ್ತಿಸುತ್ತಾ, ಪ್ಲಗ್‌ನ ಆಚೆ-ಈಚೆ, ಫ್ಯೂಸ್‌ನ ಆಚೆ-ಈಚೆ, ಕಾಂಟ್ಯಾಕ್ಟರ್ ಟಿಪ್‌ಗಳ (ಒಂದನ್ನೊಂದು ಮುಟ್ಟುವ ಬಿಲ್ಲೆಗಳು) ಆಚೆ-ಈಚೆ ಪ್ರೋಬ್ ಇಡಿ. ಕೆಲವು ಹತ್ತು ಮಿಲಿ ವೋಲ್ಟ್ ಸಹಜ. ಒಂದೇ ಜಾಗದಲ್ಲಿ 0.3 ವೋಲ್ಟ್ ಬಂದರೆ, 200 ಆಂಪಿಯರ್‌ಗೆ ಅಲ್ಲಿ 60 ವ್ಯಾಟ್ ಶಾಖ ಹುಟ್ಟುತ್ತಿದೆ. ಪ್ಲಗ್ ಕಂದುಬಣ್ಣಕ್ಕೆ ತಿರುಗುವುದು, ಲಗ್ ಹತ್ತಿರದ ಇನ್ಸುಲೇಷನ್ ಗಟ್ಟಿಯಾಗುವುದು ಇದರಿಂದಲೇ. ಕಾಂಟ್ಯಾಕ್ಟರ್ ಟಿಪ್‌ಗೆ ಎಮರಿ ಪೇಪರ್ ಉಜ್ಜಬೇಡಿ, ಬೆಳ್ಳಿಯ ಪದರ ಹೋಗಿ ಮರಳಿನ ಕಣ ಉಳಿಯುತ್ತದೆ. ಕುಳಿ ಬಿದ್ದ ಟಿಪ್ ಬದಲಿಸುವುದೇ ಸರಿ.

ಸುದ್ದಿ ತರುವ ಸ್ವಿಚ್‌ಗಳು, ಸೆನ್ಸರ್‌ಗಳು

ಕೀ, ಸೀಟ್ ಸ್ವಿಚ್, ಹ್ಯಾಂಡ್‌ಬ್ರೇಕ್ ಸ್ವಿಚ್, ಮುಂದೆ-ಹಿಂದೆ ಲಿವರ್ ಇವೆಲ್ಲ ಬರೀ ಇದೆ ಅಥವಾ ಇಲ್ಲ ಎನ್ನುವ ಸ್ವಿಚ್‌ಗಳು. ಕಪ್ಪು ಪ್ರೋಬ್ ಬಿ ಮೈನಸ್ ಮೇಲಿಟ್ಟು, ಕೆಂಪನ್ನು ಸರಣಿಯಲ್ಲಿ ಒಂದೊಂದೇ ಟರ್ಮಿನಲ್‌ಗೆ ಮುಂದೊಯ್ಯಿರಿ. ವೋಲ್ಟೇಜ್ ಎಲ್ಲಿ ಮಾಯವಾಯಿತೋ ಅದರ ಹಿಂದಿನ ಟರ್ಮಿನಲ್‌ಗೂ ಇದಕ್ಕೂ ನಡುವೆ ದೋಷ. ಕ್ರಮವೂ ಮುಖ್ಯ: ಪೆಡಲ್ ಒತ್ತಿಕೊಂಡೇ ಕೀ ಹಾಕಿದರೆ, ಅಥವಾ ಲಿವರ್ ಮುಂದಕ್ಕೆ ಇಟ್ಟು ಆಮೇಲೆ ಸೀಟಿನ ಮೇಲೆ ಕೂತರೆ ಗಾಡಿ ಬೇಕೆಂದೇ ನಿರಾಕರಿಸುತ್ತದೆ. ಹೊಸ ಆಪರೇಟರ್ ಬಂದ ವಾರ ಇಂಥ ದೂರುಗಳು ಹೆಚ್ಚುತ್ತವೆ.

ಸೀಟ್ ಸ್ವಿಚ್ ಸೀಟಿನಡಿ ಬಾಗಿ ಬಾಗಿ ವೈರ್ ತುಂಡಾಗುವ ಜಾಗ. ಅದಕ್ಕೆ ಲೂಪ್ ಹಾಕಿ (ಸ್ವಿಚ್ ಬಿಟ್ಟು ಎರಡು ವೈರ್ ನೇರ ಜೋಡಿಸಿ) ಗಾಡಿ ಓಡಿಸುವ ರೂಢಿ ಗೋದಾಮುಗಳಲ್ಲಿದೆ. ಕೆಳಗಿಳಿದು ನಿಂತ ಆಪರೇಟರ್‌ನ ಕೈ ಲಿವರ್‌ಗೆ ತಾಗಿದರೆ ಮಾಸ್ಟ್‌ಗೂ (ಫೋರ್ಕ್ ಏರಿಳಿಯುವ ಕಂಬ) ಚೌಕಟ್ಟಿಗೂ ನಡುವೆ ಸಿಗುವುದು ಅವನೇ. ಹಮಾಲರು ಸುತ್ತ ಓಡಾಡುವ ಜಾಗದಲ್ಲಂತೂ ಲೂಪ್ ಹಾಕಿದ ಗಾಡಿ ಹೊರಬಿಡಬಾರದು.

ಪೆಡಲ್‌ನೊಳಗೆ ಹಳೆಯ ಗಾಡಿಯಲ್ಲಿ 5 ಕಿಲೋ ಓಮ್ ಪಾಟ್ (ಒತ್ತಿದಂತೆ ಓಮ್ ಬದಲಾಗುವ ರೆಸಿಸ್ಟರ್), ಹೊಸದರಲ್ಲಿ ಹಾಲ್ ಸೆನ್ಸರ್ (ಆಯಸ್ಕಾಂತ ಸರಿದಂತೆ ವೋಲ್ಟೇಜ್ ಬದಲಿಸುವುದು) ಇರುತ್ತದೆ. ಹಾಲ್ ಸೆನ್ಸರ್‌ಗೆ 5 ವೋಲ್ಟ್ ಬರುತ್ತಿದೆಯೇ ನೋಡಿ, ಆಮೇಲೆ ಕನೆಕ್ಟರ್ ಕಳಚದೆ ಹಿಂಬದಿಯಿಂದ ಪಿನ್ ತೂರಿಸಿ ಸಿಗ್ನಲ್ ಅಳೆಯಿರಿ. ಬಿಟ್ಟಾಗ ಅರ್ಧ ವೋಲ್ಟ್ ಹತ್ತಿರ, ಪೂರ್ತಿ ಒತ್ತಿದಾಗ 4.5 ಹತ್ತಿರ ಬರುವುದು ಸಾಮಾನ್ಯ. ಸೊನ್ನೆಯನ್ನೂ 5ನ್ನೂ ಬಿಟ್ಟಿರುವುದಕ್ಕೆ ಕಾರಣವಿದೆ: ಸೊನ್ನೆ ಬಂದರೆ ವೈರ್ ತುಂಡಾಗಿದೆ, 5 ಬಂದರೆ ಶಾರ್ಟ್ ಆಗಿದೆ ಎಂದು ಕಂಟ್ರೋಲರ್‌ಗೆ ತಿಳಿಯಲಿ ಎಂದು. ಎರಡು ಸಿಗ್ನಲ್ ಇರುವ ಪೆಡಲ್‌ನಲ್ಲಿ ಎರಡನೆಯದು ಮೊದಲನೆಯದರ ಅರ್ಧ ಇರಬಹುದು, ಉಲ್ಟಾ ಇರಬಹುದು, ಹೊಂದಾಣಿಕೆ ತಪ್ಪಿದರೆ ಗಾಡಿ ನಿಲ್ಲುತ್ತದೆ. ಪಾಟ್ ಸವೆಯುವುದು ಶುರುವಿನ ಕಾಲು ಭಾಗದಲ್ಲಿ, ಏಕೆಂದರೆ ದಿನವಿಡೀ ಪೆಡಲ್ ಆಡುವುದು ಅಲ್ಲೇ. ಬಹಳ ನಿಧಾನ ಒತ್ತುತ್ತಾ ಮೀಟರ್ ನೋಡಿ, ನಡುವೆ ಜಿಗಿದರೆ ಪಾಟ್ ಬದಲಿಸಿ.

ಎಸಿ ಮೋಟರ್‌ನ ಸುತ್ತು ಎಣಿಸುವ ಎನ್‌ಕೋಡರ್ ಬಗ್ಗೆ ಹೆಚ್ಚು ತಾಳ್ಮೆ ಬೇಕು. ಅದು ಎ, ಬಿ ಎಂಬ ಎರಡು ಮಿಡಿತದ ಸಾಲು ಕಳಿಸುತ್ತದೆ, ಒಂದು ಸುತ್ತಿಗೆ 64 ಮಿಡಿತ ಎಂಬುದು ಚಾಲ್ತಿಯಲ್ಲಿರುವ ಲೆಕ್ಕಗಳಲ್ಲೊಂದು. ಎರಡರಲ್ಲಿ ಯಾವುದು ಮುಂದಿದೆ ಎಂಬುದರಿಂದ ದಿಕ್ಕು ತಿಳಿಯುತ್ತದೆ. ಒಂದು ಸಾಲು ಸತ್ತರೆ ಮೋಟರ್ ನಡುಗುತ್ತದೆ, ನಿಧಾನ ಎಳೆಯುತ್ತದೆ, ಭಾರಿ ಕರೆಂಟ್ ತಿನ್ನುತ್ತದೆ. ಎ, ಬಿ ವೈರ್ ಅದಲುಬದಲಾದರೂ ಹೀಗೇ ಆಗುತ್ತದೆ, ಹಾಗಾಗಿ ಮೋಟರ್ ಬಿಚ್ಚಿ ಜೋಡಿಸಿದ ಮೇಲೆ ಈ ಲಕ್ಷಣ ಶುರುವಾದರೆ ಮೊದಲು ವೈರ್ ನೋಡಿ. ಎತ್ತಿದ ಗಾಲಿಯನ್ನು ಬ್ರೇಕ್ ಬಿಟ್ಟು ಕೈಯಿಂದ ಮೆಲ್ಲಗೆ ತಿರುಗಿಸುತ್ತಾ ಅಳೆದರೆ ಪ್ರತಿ ಸಿಗ್ನಲ್ ಮೇಲೆ-ಕೆಳಗೆ ಹೊರಳಬೇಕು. ಮೋಟರ್ ಸುತ್ತುವಾಗ ಮೀಟರ್ ಸರಾಸರಿ ತೋರಿಸುತ್ತದೆ, ಸಪ್ಲೈನ ಅರ್ಧದಷ್ಟು ಬಂದರೆ ಸರಿ. ಕನೆಕ್ಟರ್ ಕಳಚಿ ಅಳೆದರೆ ಏನೂ ಬರುವುದಿಲ್ಲ, ಏಕೆಂದರೆ ಸಿಗ್ನಲ್ ಅನ್ನು ಮೇಲೆತ್ತುವ ರೆಸಿಸ್ಟರ್ ಇರುವುದು ಕಂಟ್ರೋಲರ್‌ನಲ್ಲಿ. ಇದು ತಿಳಿಯದೆ ಒಳ್ಳೆಯ ಎನ್‌ಕೋಡರ್ ಎಸೆಯುತ್ತಾರೆ. ಬಹಳ ಮೋಟರ್‌ಗಳಲ್ಲಿ ಅದು ಬೇರಿಂಗ್ ಜೊತೆಗೇ ಬರುವುದರಿಂದ ಬದಲಿಸುವುದೆಂದರೆ ಮೋಟರ್ ಬಿಚ್ಚುವ ಕೆಲಸ. ಎನ್‌ಕೋಡರ್ ವೈರನ್ನು ಮೋಟರ್‌ನ ಮೂರು ದಪ್ಪ ಕೇಬಲ್‌ಗಳ ಜೊತೆ ಸೇರಿಸಿ ಟೈ ಕಟ್ಟಬೇಡಿ, ಅವುಗಳ ಗದ್ದಲ ಸಿಗ್ನಲ್‌ಗೆ ಹತ್ತುತ್ತದೆ.

ಮೋಟರ್ ಬಿಸಿ ಅಳೆಯುವ ಸೆನ್ಸರ್ ಯಾವ ಮಾದರಿಯದೆಂದು ಡಯಾಗ್ರಾಂ ನೋಡಿಯೇ ಹೇಳಿ. 25 ಡಿಗ್ರಿಯಲ್ಲಿ ಕೆಟಿವೈ 84-130 ಸುಮಾರು 600 ಓಮ್ ತೋರಿಸಿದರೆ ಪಿಟಿ 1000 ಸುಮಾರು 1100 ಓಮ್ ತೋರಿಸುತ್ತದೆ. ಕೆಟಿವೈ 84 ಇದ್ದ ಜಾಗಕ್ಕೆ ಪಿಟಿ 1000 ಹಾಕಿದರೆ ತಣ್ಣನೆಯ ಮೋಟರ್ 100 ಡಿಗ್ರಿ ದಾಟಿದಂತೆ ಕಂಡು ಗಾಡಿ ಬೆಳಿಗ್ಗೆಯಿಂದಲೇ ಕುಂಟುತ್ತದೆ. ಕಂಟ್ರೋಲರ್‌ಗೆ ಅದರದೇ ಸೆನ್ಸರ್ ಬೇರೆ ಇರುತ್ತದೆ, ಸಾಮಾನ್ಯವಾಗಿ 85 ಡಿಗ್ರಿ ಆಸುಪಾಸಿನಿಂದ ಅದು ಕರೆಂಟ್ ಇಳಿಸತೊಡಗುತ್ತದೆ.

ಮಾಸ್ಟ್ ಎತ್ತರ ತಿಳಿಸುವ ಪ್ರಾಕ್ಸಿಮಿಟಿ ಸೆನ್ಸರ್‌ನಲ್ಲಿ ಮೂರು ವೈರ್: ಕಂದು ಪ್ಲಸ್, ನೀಲಿ ಮೈನಸ್, ಕಪ್ಪು ಸಿಗ್ನಲ್. ಎದುರಿಗೆ ಕಬ್ಬಿಣ ಬಂದಾಗ ಅದರ ಪುಟ್ಟ ದೀಪ ಹೊತ್ತಬೇಕು. ಅಂತರ 2-3 ಮಿಲಿಮೀಟರ್ ಇಡಿ. ಮಾಸ್ಟ್ ರೋಲರ್ ಸವೆದಾಗ ಈ ಅಂತರವೇ ಬದಲಾಗಿ ಸೆನ್ಸರ್‌ಗೆ ಕೆಟ್ಟ ಹೆಸರು ಬರುತ್ತದೆ. ಲೋಡ್ ತೂಕ ಹೇಳುವ ಪ್ರೆಶರ್ ಸೆನ್ಸರ್ 4ರಿಂದ 20 ಮಿಲಿ ಆಂಪಿಯರ್‌ನದಾದರೆ ಒತ್ತಡ ಇಲ್ಲದಾಗ 4 ಬರಬೇಕು, ಸೊನ್ನೆ ಬಂದರೆ ವೈರ್ ತುಂಡು.

ಕಂಟ್ರೋಲರ್, ಡಿಸ್‌ಪ್ಲೇ, ಬಿಎಂಎಸ್ ಪರಸ್ಪರ ಮಾತಾಡುವ ಕ್ಯಾನ್ ವೈರ್‌ಗಳಿಗೆ ಒಂದೇ ಅಳತೆ ಸಾಕು. ಬ್ಯಾಟರಿ ಕಳಚಿ ಎರಡು ವೈರ್‌ಗಳ ನಡುವೆ ಓಮ್ ನೋಡಿ. ಎರಡು ತುದಿಗೂ 120 ಓಮ್ ಇರುವುದರಿಂದ 60 ಬರಬೇಕು. 120 ಬಂದರೆ ಒಂದು ತುದಿ ಕಳಚಿದೆ, 40 ಬಂದರೆ ಯಾರೋ ಮೂರನೆಯದನ್ನು ಸೇರಿಸಿದ್ದಾರೆ.

ಧೂಳು, ಅರಳೆ, ತೇವ

ಗದಗ, ಹಾವೇರಿ ಕಡೆಯ ಜಿನ್ನಿಂಗ್ ಮಿಲ್‌ಗಳಲ್ಲಿ ಅರಳೆಯ ಎಳೆ ಕಂಟ್ರೋಲರ್ ಫ್ಯಾನ್‌ಗೂ ಶಾಖ ಹೊರಹಾಕುವ ಹೀಟ್‌ಸಿಂಕ್‌ನ ಸಂದಿಗೂ ಕಂಬಳಿಯಂತೆ ಕೂರುತ್ತದೆ. ಮಧ್ಯಾಹ್ನದ ಮೇಲೆ ಗಾಡಿ ನಿಧಾನವಾಗುತ್ತದೆ ಎಂಬ ದೂರಿಗೆ ಅಲ್ಲಿ ಮೊದಲ ಮದ್ದು ಬ್ರಷ್ ಮತ್ತು ವ್ಯಾಕ್ಯೂಮ್. ಎರೆಮಣ್ಣಿನ ಧೂಳು ಬ್ಯಾಟರಿ ಮೇಲಿನ ತೇವದೊಂದಿಗೆ ಬೆರೆತರೆ ಕರೆಂಟ್ ಹರಿಯುವ ಕೆಸರಾಗುತ್ತದೆ. ಗಾಡಿಗೆ ಪ್ರೆಶರ್ ವಾಶ್ ಬೇಡವೇ ಬೇಡ.

ಕೋಲ್ಡ್ ಸ್ಟೋರೇಜ್‌ನದು ಬೇರೆಯೇ ತಾಪತ್ರಯ. ತಣ್ಣನೆಯ ಗಾಡಿ ಹೊರಗಿನ ಸೆಕೆಗೆ ಬಂದ ಕ್ಷಣ ಕನೆಕ್ಟರ್, ಸ್ವಿಚ್, ಕಂಟ್ರೋಲರ್ ಮುಚ್ಚಳದೊಳಗೆ ಬೆವರಿನಂತೆ ನೀರು ಕೂರುತ್ತದೆ. ಒಳಗೆ ಕೆಲಸ ಮಾಡುವಾಗ ಇರದ ಫಾಲ್ಟ್ ಹೊರಗೆ ಬಂದ ಅರ್ಧ ತಾಸಿನಲ್ಲಿ ಕಂಡು, ಒಣಗಿದ ಮೇಲೆ ತಾನೇ ಹೋದರೆ ಕಾರಣ ಇದು. ಕನೆಕ್ಟರ್‌ನ ರಬ್ಬರ್ ಸೀಲ್ ನೋಡಿ, ಡೈಎಲೆಕ್ಟ್ರಿಕ್ ಗ್ರೀಸ್ ತುಂಬಿ, ಪಿನ್ ಹಸಿರಾಗಿದ್ದರೆ ಬದಲಿಸಿ. ಸಾಧ್ಯವಾದರೆ ಒಳಗಿನ ಗಾಡಿ ಒಳಗೇ, ಹೊರಗಿನದು ಹೊರಗೇ ಇರಲಿ. ಸೀಸನ್‌ನಲ್ಲಿ ಮೆಣಸಿನಕಾಯಿ ಧೂಳು ಕವರ್ ತೆಗೆದ ಕೂಡಲೇ ಮುಖಕ್ಕೆ ಏರುತ್ತದೆ, ಮಾಸ್ಕ್, ಕನ್ನಡಕ ಹಾಕಿಕೊಂಡೇ ತೆಗೆಯಿರಿ.

ರಿಪೇರಿ ಆದ ಮೇಲೆ ಗಾಲಿ ಇನ್ನೂ ಮೇಲಿರುವಾಗಲೇ ಪರೀಕ್ಷೆ ಮಾಡಿ. ಪೆಡಲ್ ಬಿಟ್ಟರೆ ನಿಲ್ಲುತ್ತದೆಯೇ, ಸೀಟಿನಿಂದ ಎದ್ದ ಎರಡು-ಮೂರು ಸೆಕೆಂಡಿನಲ್ಲಿ ಡ್ರೈವ್ ಕಡಿಯುತ್ತದೆಯೇ, ಎಮರ್ಜೆನ್ಸಿ ಬಟನ್ ಒತ್ತಿದರೆ ಕಾಂಟ್ಯಾಕ್ಟರ್ ಬೀಳುತ್ತದೆಯೇ ನೋಡಿ. ಆಮೇಲೆ ಇಳಿಸಿ ಖಾಲಿ ಓಡಿಸಿ, ನಂತರ ಲೋಡ್ ಹಾಕಿ. ಒಂದು ತಾಸಿನ ಕೆಲಸದ ಬಳಿಕ ಬ್ಯಾಟರಿ ಪ್ಲಗ್, ಫ್ಯೂಸ್, ಕಾಂಟ್ಯಾಕ್ಟರ್‌ಗಳ ಹತ್ತಿರ ಕೈಯ ಹಿಂಬದಿ ತಂದು ಶಾಖ ನೋಡಿ. ಚೆನ್ನಾಗಿರುವ ಗಾಡಿಯ ಪೆಡಲ್ ವೋಲ್ಟೇಜ್, ಎನ್‌ಕೋಡರ್ ಸಪ್ಲೈ, ಮೋಟರ್ ಸೆನ್ಸರ್‌ನ ಓಮ್, ಲೋಡ್‌ನಲ್ಲಿ ಬ್ಯಾಟರಿ ವೋಲ್ಟೇಜ್ ಇವನ್ನು ಅಂದೇ ಅಳೆದು, ತಾರೀಖು ಹಾಕಿ, ಕಂಟ್ರೋಲರ್ ಮುಚ್ಚಳದ ಒಳಬದಿಗೆ ಅಂಟಿಸಿಡಿ. ಮುಂದಿನ ಸಲ ಮುಚ್ಚಳ ತೆಗೆದವರಿಗೆ ಹೋಲಿಸಲು ಅದೇ ಗಾಡಿಯ ಅಳತೆ ಎದುರಿಗೇ ಇರುತ್ತದೆ.